ಪ್ರತಿಯ ಪ್ರತಿ ಮತ್ತು ಮೂಲದ ನಿಷ್ಠೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣದ ಬರಹರೂಪ)



ಶತಮಾನ ಕಂಡ ಶಾಲೆಯೊಂದರಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ಕೇಳಿದರೆ ನಾನು ಜನರಲ್ ರಜಿಸ್ಟರಿನತ್ತ ಬೆರಳು ತೋರಿಸುತ್ತೇನೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಇವೆಲ್ಲ ಅದರಲ್ಲಿ ಒಂದೇ ಸಾಲಿನಲ್ಲಿ ಇರುತ್ತವೆ. ಆ ಸಾಲಿನಿಂದ ಶಾಲೆ ಬಿಟ್ಟ ದಾಖಲೆ ಹುಟ್ಟುತ್ತದೆ. ಪರೀಕ್ಷಾ ಮಂಡಳಿಗೆ ಹೋಗುವ ಅರ್ಜಿ ಹುಟ್ಟುತ್ತದೆ. ಮುಂದೆ ನೌಕರಿ, ಪಾಸ್‌ಪೋರ್ಟ್, ನಿವೃತ್ತಿವೇತನದ ತನಕ ಅದರ ಮಾತು ನಡೆಯುತ್ತದೆ. ರಜಿಸ್ಟರು ಮೂಲ, ಉಳಿದವೆಲ್ಲ ಪ್ರತಿಗಳು. ಇಂದು ಆ ರಜಿಸ್ಟರಿನ ಜೊತೆಗೆ ಗಣಕಯಂತ್ರದ ಕಡತಗಳೂ ಬಂದಿವೆ. ಆದ್ದರಿಂದ ಮೂಲಕ್ಕೂ ಪ್ರತಿಗೂ ಇರಬೇಕಾದ ಹೊಂದಾಣಿಕೆಯನ್ನು ಕುರಿತು, ಅದರಲ್ಲಿಯೂ ಪ್ರತಿಯಿಂದ ಮತ್ತೆ ಪ್ರತಿ ಹಂಚುವಾಗ ಒದಗುವ ತೊಡಕನ್ನು ಕುರಿತು ತಮ್ಮ ಮುಂದೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ನಾನು ಕನ್ನಡ ಎಂ.ಎ. ಓದಿದವಳು. ಗಣಕದ ವಿಷಯವನ್ನು ನಾನು ಮಾತಾಡುವುದೇಕೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಪ್ರತಿಗಳ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾಯಿತು. ತಾಳೆಗರಿಯ ಪ್ರತಿಗಳು ಒಂದರಿಂದ ಇನ್ನೊಂದು ಹುಟ್ಟುವಾಗ ಪಾಠಗಳು ಹೇಗೆ ಬೇರೆಯಾಗುತ್ತವೆ, ಯಾವ ಪ್ರತಿಯನ್ನು ಎಷ್ಟು ನಂಬಬೇಕು ಎಂಬುದನ್ನು ನನ್ನ ಪೀಳಿಗೆಯವರು ಆ ಗ್ರಂಥದಿಂದ ಕಲಿತೆವು. ಅದೇ ವಿದ್ಯೆಯ ದೊಡ್ಡ ಸಾಧಕರೊಬ್ಬರು ಕೊಲ್ಹಾಪುರದಲ್ಲಿಯೇ ಬಾಳಿ ಬೆಳಗಿದರು. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿ, ಇಲ್ಲಿನ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದ ಡಾ. ಆ.ನೇ. ಉಪಾಧ್ಯೆಯವರು ‘ಪ್ರವಚನಸಾರ’ವನ್ನು 1935ರಲ್ಲಿ, ‘ಕುವಲಯಮಾಲಾ’ವನ್ನು 1959ರಲ್ಲಿ ಸಂಪಾದಿಸಿ ಕೊಟ್ಟರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮೂಲವು ಕಳೆದುಹೋದ ಮೇಲೆ ಉಳಿದ ಪ್ರತಿಗಳನ್ನು ಎದುರುಬದುರಿಟ್ಟು, ಮೂಲದ ಮಾತು ಹೀಗಿದ್ದಿರಬೇಕೆಂದು ಸಾಧಿಸಿ ತೋರಿಸುವ ಶ್ರಮ ಅವರದು.

ಈ ಸೀಮೆಯಲ್ಲಿ ಪ್ರತಿಯ ತೊಡಕೇ ಇಲ್ಲದ ಒಂದು ಬಗೆಯ ಬರಹವೂ ಇದೆ. ಅದು ಶಿಲಾಶಾಸನ. ಕೊಲ್ಹಾಪುರದ ಶಿಲಾಹಾರರ ಕಾಲದ ಅನೇಕ ಶಾಸನಗಳು ಕನ್ನಡದಲ್ಲಿವೆ. ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು ಈ ಭಾಗದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ದತ್ತಿಯ ಭೂಮಿ ಎಷ್ಟು, ಎಲ್ಲೆ ಯಾವುದು ಎಂಬ ಸಂದೇಹ ಬಂದವರು ಕಲ್ಲಿನ ಹತ್ತಿರವೇ ಹೋಗಬೇಕಾಗಿತ್ತು. ಎಲ್ಲರೂ ಒಂದೇ ಮೂಲವನ್ನು ಓದುತ್ತಿದ್ದುದರಿಂದ ಇಬ್ಬರಿಗೆ ಎರಡು ಉತ್ತರ ಸಿಗುವ ಸಂಭವವಿರಲಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ನಡಿಗೆ. ಪ್ರತಿ ಸಲವೂ ಕಲ್ಲಿನ ತನಕ ನಡೆದುಹೋಗಬೇಕು.

ಗಣಕಯಂತ್ರಗಳ ಜಾಲದಲ್ಲಿಯೂ ಇದೇ ಆಯ್ಕೆ ಎದುರಾಗುತ್ತದೆ. ಕಚೇರಿಯಲ್ಲಿ ಒಂದು ಸರ್ವರ್ ಇದೆ, ಕಡತಗಳೆಲ್ಲ ಅದರಲ್ಲಿವೆ. ಪ್ರಯೋಗಾಲಯದ ಇಪ್ಪತ್ತು ಯಂತ್ರಗಳು ಆ ಕಡತಗಳನ್ನು ಓದಬೇಕು. ಪ್ರತಿ ಅಕ್ಷರಕ್ಕೂ ಸರ್ವರಿನ ಬಾಗಿಲು ತಟ್ಟಿದರೆ ಉತ್ತರ ಯಾವಾಗಲೂ ಸರಿಯಾಗಿರುತ್ತದೆ, ಆದರೆ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಪ್ರತಿ ಯಂತ್ರವೂ ಒಮ್ಮೆ ಓದಿದ್ದರ ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಹೀಗೆ ಇಟ್ಟುಕೊಂಡ ಹತ್ತಿರದ ಪ್ರತಿಗೆ ‘ಕ್ಯಾಶ್’ ಎಂದು ಹೆಸರು. ಅಂಗಡಿಯ ನಗದಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದಾಗ ಥಟ್ಟನೆ ಕೈಗೆ ಸಿಗಲೆಂದು ಮಡಗಿಟ್ಟ ಸಂಗ್ರಹ ಎಂಬುದು ಆ ಪದದ ಅರ್ಥ.

ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು. ತಾಳೆಗರಿಯ ಲೋಕದಲ್ಲಿ ಮೂಲ ಸ್ಥಿರ. ಲಿಪಿಕಾರನ ಕಣ್ಣು ತಪ್ಪಿ ಪ್ರತಿ ಕೆಡುತ್ತದೆ. ನಮ್ಮ ಶಾಲೆಗಳಲ್ಲಿಯೂ ಈ ಬಗೆಯ ದೋಷ ಉಂಟು. ಮರಾಠಿಯ ಬರವಣಿಗೆಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಚಿಹ್ನೆಗಳಿಲ್ಲ. ಕೆಂಪವ್ವ, ಹೊನ್ನವ್ವ ಎಂಬ ಹೆಸರುಗಳು ದೇವನಾಗರಿಗೆ ಹೋಗಿ ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದರೆ ಹ್ರಸ್ವವು ದೀರ್ಘವಾಗಿ ಕುಳಿತಿರಬಹುದು. ಇದು ಪ್ರತಿಯ ತಪ್ಪು. ಗಣಕದ ಕ್ಯಾಶಿನಲ್ಲಿ ನಡೆಯುವುದು ಬೇರೆ. ಅಲ್ಲಿ ಪ್ರತಿ ಅಕ್ಷರಶಃ ಸರಿಯಾಗಿಯೇ ಇರುತ್ತದೆ. ತೆಗೆದುಕೊಂಡ ಗಳಿಗೆಯಲ್ಲಿ ಮೂಲ ಹಾಗೆಯೇ ಇತ್ತು. ಆಮೇಲೆ ಮೂಲ ಬದಲಾಯಿತು. ಪ್ರತಿಗೆ ಸುದ್ದಿ ಮುಟ್ಟಲಿಲ್ಲ. ಅದು ತಪ್ಪು ಪ್ರತಿಯಲ್ಲ, ಹಳತಾದ ಪ್ರತಿ. ತಪ್ಪು ಪ್ರತಿಯನ್ನು ಕಣ್ಣಿನಿಂದ ಓದಿ ಹಿಡಿಯಬಹುದು. ಹಳತಾದ ಪ್ರತಿಯನ್ನು ಎಷ್ಟು ಓದಿದರೂ ಅದರೊಳಗೆ ದೋಷ ಕಾಣುವುದಿಲ್ಲ. ಅದರ ಅಪಾಯ ಇರುವುದೇ ಅಲ್ಲಿ.

ಈ ಅಪಾಯವನ್ನು ತಡೆಯಲು ಎರಡು ಮಾರ್ಗಗಳಿವೆ. ಒಂದು, ಪ್ರತಿ ಇಟ್ಟುಕೊಂಡವನು ಆಗಾಗ ಮೂಲವನ್ನು ಕೇಳುವುದು. ಎರಡು, ಮೂಲವೇ ಪ್ರತಿ ಪಡೆದವರನ್ನು ನೆನಪಿಟ್ಟುಕೊಂಡು, ಬದಲಾವಣೆಯಾದಾಗ ಅವರಿಗೆ ಹೇಳಿಕಳಿಸುವುದು.

ಮೊದಲ ಮಾರ್ಗದ ಪ್ರಸಿದ್ಧ ಉದಾಹರಣೆ ಎನ್.ಎಫ್.ಎಸ್. ಎಂಬ ಜಾಲಕಡತ ವ್ಯವಸ್ಥೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಇದನ್ನು ರೂಪಿಸಿತು. ಅದರ ಆರಂಭದ ಆವೃತ್ತಿಗಳಲ್ಲಿ ಸರ್ವರ್ ಯಾರ ಬಳಿ ಯಾವ ಪ್ರತಿ ಇದೆ ಎಂದು ನೆನಪಿಡುವುದಿಲ್ಲ. ಕೇಳಿದವರಿಗೆ ಕೊಡುತ್ತದೆ, ಮರೆಯುತ್ತದೆ. ಮರೆಯುವುದರಿಂದ ಒಂದು ಲಾಭವೂ ಇದೆ: ಸರ್ವರ್ ನಡುವೆ ನಿಂತು ಮತ್ತೆ ಶುರುವಾದರೂ ಅದು ಕಳೆದುಕೊಳ್ಳಲು ಏನೂ ಇರುವುದಿಲ್ಲ. ಕಡತ ಬದಲಾಗಿದೆಯೇ ಎಂದು ವಿಚಾರಿಸುವ ಹೊಣೆ ಬಳಕೆಯ ಯಂತ್ರದ್ದು. ಲಿನಕ್ಸ್ ವ್ಯವಸ್ಥೆಯಲ್ಲಿ ನಾವು ಬೇರೇನೂ ಹೇಳದಿದ್ದರೆ ಬಳಕೆಯ ಯಂತ್ರವು ಕಡತವೊಂದರ ಗುಣಲಕ್ಷಣಗಳನ್ನು, ಅಂದರೆ ಗಾತ್ರ, ಬದಲಾದ ಸಮಯ ಮುಂತಾದವನ್ನು, ಕನಿಷ್ಠ 3 ಸೆಕೆಂಡು, ಗರಿಷ್ಠ 60 ಸೆಕೆಂಡು ನಂಬುತ್ತದೆ. ಇತ್ತೀಚೆಗೆ ಬದಲಾದ ಕಡತವನ್ನು ಬೇಗ ಬೇಗ ವಿಚಾರಿಸುತ್ತದೆ. ಬಹಳ ಹೊತ್ತು ಬದಲಾಗದ ಕಡತವನ್ನು ತಡವಾಗಿ ವಿಚಾರಿಸುತ್ತದೆ. ಇದರ ಜೊತೆಗೆ ಇನ್ನೊಂದು ಶಿಸ್ತು ಇದೆ. ಕಡತವನ್ನು ಮುಚ್ಚುವಾಗ ಬರೆದುದನ್ನೆಲ್ಲ ಮೂಲಕ್ಕೆ ತಲುಪಿಸಬೇಕು. ಇನ್ನೊಬ್ಬರು ತೆರೆಯುವಾಗ ಮೂಲವನ್ನು ಕೇಳಿಯೇ ತೆರೆಯಬೇಕು. ಹಾಜರಿ ಪುಸ್ತಕವನ್ನು ತರಗತಿಯಿಂದ ಕಚೇರಿಗೆ ಮರಳಿಸಿದ ಮೇಲೆಯೇ ಮುಂದಿನ ಶಿಕ್ಷಕರು ಅದನ್ನು ಒಯ್ಯುವಂತೆ. ಒಬ್ಬರು ಮುಚ್ಚಿದ ನಂತರ ಇನ್ನೊಬ್ಬರು ತೆರೆದರೆ ಹೊಸದೇ ಕಾಣುತ್ತದೆ ಎಂಬ ಭರವಸೆ ಇದರಿಂದ ದೊರೆಯುತ್ತದೆ. ಇಬ್ಬರೂ ಏಕಕಾಲಕ್ಕೆ ತೆರೆದಿಟ್ಟುಕೊಂಡರೆ ಆ ಭರವಸೆ ಇಲ್ಲ.

ಎರಡನೆಯ ಮಾರ್ಗಕ್ಕೆ ಉದಾಹರಣೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಆಂಡ್ರೂ ಕಡತ ವ್ಯವಸ್ಥೆ. ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದ ಮಹಾದೇವ ಸತ್ಯನಾರಾಯಣನ್ ಅದರ ಪ್ರಮುಖ ಶಿಲ್ಪಿಗಳಲ್ಲಿ ಒಬ್ಬರು ಎಂಬುದು ನಮ್ಮ ಮಕ್ಕಳಿಗೆ ಹೆಮ್ಮೆಯ ವಿಷಯವಾಗಬೇಕು. ಆ ವ್ಯವಸ್ಥೆಯಲ್ಲಿ ಸರ್ವರ್ ಪ್ರತಿ ಕೊಡುವಾಗ ಒಂದು ವಚನವನ್ನೂ ಕೊಡುತ್ತದೆ: “ಇದನ್ನು ಯಾರಾದರೂ ಬದಲಿಸಿದರೆ ನಾನು ನಿನಗೆ ತಿಳಿಸುತ್ತೇನೆ, ಅಲ್ಲಿಯ ತನಕ ನೀನು ನನ್ನನ್ನು ಕೇಳಬೇಕಾಗಿಲ್ಲ.” ಇದೇ ವಿಚಾರ ಬೇರೆ ರೂಪದಲ್ಲಿ ಎನ್.ಎಫ್.ಎಸ್.ನ ನಾಲ್ಕನೆಯ ಆವೃತ್ತಿಗೂ ಬಂತು. ಅಲ್ಲಿ ಸರ್ವರ್ ಒಂದು ಕಡತದ ಅಧಿಕಾರವನ್ನು ಕೆಲಕಾಲ ಒಂದು ಯಂತ್ರಕ್ಕೆ ಒಪ್ಪಿಸಬಹುದು; ಇನ್ನೊಬ್ಬರು ಕೇಳಿದಾಗ ಮರಳಿ ಕರೆಸಿಕೊಳ್ಳಬಹುದು. ವಿಂಡೋಸ್ ಯಂತ್ರಗಳು ಬಳಸುವ ಎಸ್.ಎಂ.ಬಿ. ಎಂಬ ಪದ್ಧತಿಯಲ್ಲಿಯೂ ಇಂಥದೇ ಒಪ್ಪಂದವಿದೆ. ಅದನ್ನು ‘ಆಪ್‌ಲಾಕ್’ ಎನ್ನುತ್ತಾರೆ. ಆಪ್‌ಲಾಕ್ ದೊರೆತ ಯಂತ್ರ ಕಡತವನ್ನು ತನ್ನ ಬಳಿಯೇ ಇಟ್ಟುಕೊಂಡು ಓದಬಹುದು, ಬರೆಯಬಹುದು. ಸರ್ವರ್ ಕರೆದಾಗ ಬರೆದುದನ್ನು ಒಪ್ಪಿಸಬೇಕು.

ಇಲ್ಲಿಯ ತನಕ ಇಬ್ಬರ ವ್ಯವಹಾರ: ಮೂಲ ಒಂದು ಕಡೆ, ಪ್ರತಿ ಒಂದು ಕಡೆ. ಈಗ ನಡುವೆ ಮೂರನೆಯವನು ಬರುತ್ತಾನೆ. ಅದಕ್ಕೆ ಕಾರಣಗಳು ಸಾಮಾನ್ಯವಾದವೇ. ಸರ್ವರ್ ಎನ್.ಎಫ್.ಎಸ್. ಭಾಷೆಯನ್ನಷ್ಟೇ ಆಡುತ್ತದೆ, ಪ್ರಯೋಗಾಲಯದ ವಿಂಡೋಸ್ ಯಂತ್ರಗಳಿಗೆ ಎಸ್.ಎಂ.ಬಿ. ಬೇಕು. ಆಗ ನಡುವೆ ಒಂದು ಯಂತ್ರವನ್ನು ಕೂರಿಸುತ್ತಾರೆ. ಅದು ಮೂಲದಿಂದ ಎನ್.ಎಫ್.ಎಸ್. ಮೂಲಕ ಕಡತಗಳನ್ನು ಪಡೆದು, ಸಾಂಬಾ ಎಂಬ ತಂತ್ರಾಂಶದ ಮೂಲಕ ವಿಂಡೋಸಿಗೆ ಮತ್ತೆ ಹಂಚುತ್ತದೆ. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಸಾಂಬಾ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇಲ್ಲವೆ ದೂರದ ಶಾಖೆಯೊಂದಕ್ಕೆ ನಿಧಾನದ ಸಂಪರ್ಕವಿದ್ದಾಗ, ಅಲ್ಲಿಯೇ ಒಂದು ನಡುಯಂತ್ರವನ್ನಿಟ್ಟು ಎನ್.ಎಫ್.ಎಸ್.ನಲ್ಲಿ ಪಡೆದುದನ್ನು ಎನ್.ಎಫ್.ಎಸ್.ನಲ್ಲಿಯೇ ಮತ್ತೆ ಹಂಚುತ್ತಾರೆ. ಇದು ಮರುಹಂಚಿಕೆ. ನಡುವಿನವನು ದುಭಾಷಿಯೂ ಹೌದು, ಅಂಗಡಿಕಾರನೂ ಹೌದು.

ನಡುವಿನವನು ಬಂದಾಗ ಆಗುವ ಮೊದಲ ಪರಿಣಾಮವನ್ನು ಗಡಹಿಂಗ್ಲಜದ ಕಡೆಯ ಒಬ್ಬ ಬೆಲ್ಲ ಬೆಳೆಗಾರನ ಮೂಲಕ ನೋಡೋಣ. ಇದು ತಿಳಿವಿಗಾಗಿ ಕಟ್ಟಿದ ದೃಷ್ಟಾಂತ. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಸವಾಲು ನಡೆದು ದರ ಏರಿಳಿಯುತ್ತದೆ. ಗಡಹಿಂಗ್ಲಜದ ಅಡತಿ ಅಂಗಡಿಯವರು ಗಂಟೆಗೊಮ್ಮೆ ಕೊಲ್ಹಾಪುರಕ್ಕೆ ಫೋನು ಮಾಡಿ ದರವನ್ನು ತಮ್ಮ ಹಲಗೆಯ ಮೇಲೆ ಬರೆಯುತ್ತಾರೆ. ಹಳ್ಳಿಯ ಅಂಗಡಿಯವನು ಗಂಟೆಗೊಮ್ಮೆ ಗಡಹಿಂಗ್ಲಜಕ್ಕೆ ಫೋನು ಮಾಡಿ ತನ್ನ ಹಲಗೆಯ ಮೇಲೆ ಬರೆಯುತ್ತಾನೆ. “ನನ್ನ ಹಲಗೆಯ ದರ ಒಂದು ಗಂಟೆಗಿಂತ ಹಳತಲ್ಲ” ಎಂದು ಹಳ್ಳಿಯವನು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಆದರೆ ಅವನು ಕೇಳಿದ ಹೊತ್ತಿಗೆ ಗಡಹಿಂಗ್ಲಜದ ಹಲಗೆಯೇ ಒಂದು ಗಂಟೆ ಹಳತಾಗಿತ್ತು. ಬೆಳೆಗಾರನ ಕಣ್ಣಿಗೆ ಬಿದ್ದ ದರ ಎರಡು ಗಂಟೆಯಷ್ಟು ಹಳೆಯದಾಗಿರಬಹುದು. ಇಬ್ಬರೂ ಸುಳ್ಳು ಹೇಳಲಿಲ್ಲ, ತಡಗಳು ಕೂಡಿಕೊಂಡವು.

ಎನ್.ಎಫ್.ಎಸ್. ಮರುಹಂಚಿಕೆಯಲ್ಲಿ ಹೀಗೆಯೇ ಆಗುತ್ತದೆ. ನಡುಯಂತ್ರ ಮೂಲದ ಗುಣಲಕ್ಷಣಗಳನ್ನು 60 ಸೆಕೆಂಡಿನ ತನಕ ನಂಬುತ್ತದೆ. ಬಳಕೆಯ ಯಂತ್ರ ನಡುಯಂತ್ರವನ್ನು 60 ಸೆಕೆಂಡಿನ ತನಕ ನಂಬುತ್ತದೆ. ಒಟ್ಟು ತಡ 120 ಸೆಕೆಂಡಿನ ಹತ್ತಿರ ಹೋಗಬಹುದು. ಇದಕ್ಕಿಂತ ಗಂಭೀರವಾದುದು ಇನ್ನೊಂದು. ತೆರೆಯುವಾಗ ಮೂಲವನ್ನು ಕೇಳಿಯೇ ತೆರೆಯಬೇಕು ಎಂಬ ಶಿಸ್ತನ್ನು ಈಗಷ್ಟೇ ಹೇಳಿದೆ. ಬಳಕೆಯ ಯಂತ್ರ ಆ ಶಿಸ್ತನ್ನು ಪಾಲಿಸಿ ಕೇಳುತ್ತದೆ. ಆದರೆ ಅದು ಕೇಳುವುದು ನಡುಯಂತ್ರವನ್ನು. ನಡುಯಂತ್ರ ಮೂಲದ ತನಕ ಹೋಗದೆ ತನ್ನ ನೆನಪಿನಿಂದಲೇ ಉತ್ತರಿಸಿದರೆ, ಮೂಲವನ್ನು ಕೇಳಿದೆನೆಂಬ ತೃಪ್ತಿ ಬಳಕೆದಾರನಿಗೆ ಉಳಿಯುತ್ತದೆ, ಹಳೆಯ ಕಡತವೂ ಉಳಿಯುತ್ತದೆ. ಯಾರನ್ನು ಮೂಲವೆಂದು ಭಾವಿಸಿದ್ದೇವೆಯೋ ಅವರೂ ಒಂದು ಪ್ರತಿಯೇ ಎಂಬುದು ಕೆಳಗಿನವರಿಗೆ ಗೊತ್ತಿರುವುದಿಲ್ಲ.

ಎರಡನೆಯ ಪರಿಣಾಮ ತಿಳಿಸುವ ವಚನಕ್ಕೆ ಸಂಬಂಧಿಸಿದ್ದು. ಇದಕ್ಕೆ ಇಚಲಕರಂಜಿಯ ಮಗ್ಗಗಳ ವ್ಯವಹಾರ ಚೆನ್ನಾಗಿ ಹೊಂದುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದಂದಿನಿಂದ ಬೆಳೆದ ಆ ಪೇಟೆಯಲ್ಲಿ ಖರ್ಚೀವಾಲಾ ಮಗ್ಗದವರು ಎಂಬ ವರ್ಗವಿದೆ. ವ್ಯಾಪಾರಿ ನೂಲು ಕೊಡುತ್ತಾನೆ. ಇವರು ಪಿಕ್ಕಿನ ಲೆಕ್ಕದಲ್ಲಿ ಮಜೂರಿ ಪಡೆದು ನೇಯ್ದುಕೊಡುತ್ತಾರೆ. ಒಬ್ಬ ವ್ಯಾಪಾರಿ, “ನಮೂನೆ ಬದಲಾದರೆ ಕೂಡಲೇ ತಿಳಿಸುತ್ತೇನೆ” ಎಂಬ ಮಾತಿನ ಮೇಲೆ ಬೀಮುಗಳನ್ನು ಕೊಟ್ಟನೆಂದು ಭಾವಿಸೋಣ. ಪಡೆದವನು ತನ್ನ ಮಗ್ಗಗಳು ತುಂಬಿವೆಯೆಂದು ಎರಡು ಬೀಮುಗಳನ್ನು ನೆರೆಯವನಿಗೆ ಕೊಟ್ಟ. ವ್ಯಾಪಾರಿಯ ವಹಿಯಲ್ಲಿ ನೆರೆಯವನ ಹೆಸರಿಲ್ಲ. ನಮೂನೆ ಬದಲಾದಾಗ ವ್ಯಾಪಾರಿ ತನ್ನ ಮಾತನ್ನು ಉಳಿಸಿಕೊಂಡು ಮೊದಲನೆಯವನಿಗೆ ತಿಳಿಸುತ್ತಾನೆ. ಮೊದಲನೆಯವನು ಅದನ್ನು ಮುಂದೆ ದಾಟಿಸದಿದ್ದರೆ ನೆರೆಯವನ ಮಗ್ಗ ಹಳೆಯ ನಮೂನೆಯನ್ನೇ ನೇಯುತ್ತಿರುತ್ತದೆ. ಇನ್ನೂ ಕೆಟ್ಟ ಪ್ರಸಂಗವೊಂದಿದೆ: ವ್ಯಾಪಾರಿ ಯಾವ ಮಾತನ್ನೂ ಕೊಟ್ಟಿರಲೇ ಇಲ್ಲ, ಆದರೂ ನಡುವಿನವನು ನೆರೆಯವನಿಗೆ “ಬದಲಾದರೆ ನಾನು ತಿಳಿಸುತ್ತೇನೆ” ಎಂದು ಭರವಸೆ ಕೊಟ್ಟುಬಿಟ್ಟ. ತನಗೇ ತಿಳಿಯದುದನ್ನು ಅವನು ಹೇಗೆ ತಿಳಿಸಿಯಾನು?

ಸಾಂಬಾ ನಡುಯಂತ್ರ ಎನ್.ಎಫ್.ಎಸ್. ಕಡತಗಳನ್ನು ಮರುಹಂಚುವಾಗ ಒದಗುವುದು ಈ ಕೊನೆಯ ಪ್ರಸಂಗ. ಸಾಂಬಾ ತನ್ನ ರೂಢಿಯಂತೆ ವಿಂಡೋಸ್ ಯಂತ್ರಕ್ಕೆ ಆಪ್‌ಲಾಕ್ ಕೊಡುತ್ತದೆ. ಎಲ್ಲರೂ ಸಾಂಬಾದ ಮೂಲಕವೇ ಬರುವ ತನಕ ಅದು ವಚನವನ್ನು ಪಾಲಿಸಬಲ್ಲದು, ಏಕೆಂದರೆ ಬಂದವರನ್ನೆಲ್ಲ ಅದು ನೋಡುತ್ತಿರುತ್ತದೆ. ಆದರೆ ಇನ್ನೊಬ್ಬರು ನಡುಯಂತ್ರವನ್ನು ಬಳಸದೆ ನೇರವಾಗಿ ಮೂಲ ಸರ್ವರಿನಲ್ಲಿ ಬರೆದರೆ ಸಾಂಬಾಗೆ ಅದು ಕಾಣುವುದೇ ಇಲ್ಲ.

ಇದನ್ನು ಶಾಲೆಯೊಂದರ ಕೆಲಸದಲ್ಲಿ ಇಟ್ಟು ನೋಡೋಣ. ಇದೂ ಊಹೆಯ ಪ್ರಸಂಗವೇ. ಹತ್ತನೆಯ ತರಗತಿಯ ಮಕ್ಕಳ ಪಟ್ಟಿ ಒಂದು ಕಡತದಲ್ಲಿದೆ. ಹೆಸರು, ಜನ್ಮದಿನಾಂಕ, ಅಂಕಗಳು ಅದರಲ್ಲಿವೆ. ಬೆಳಿಗ್ಗೆ 10 ಗಂಟೆಗೆ ಪ್ರಯೋಗಾಲಯದ ವಿಂಡೋಸ್ ಯಂತ್ರದಲ್ಲಿ ಶಿಕ್ಷಕರು ಅದನ್ನು ತೆರೆದು ಅಂಕಗಳನ್ನು ತುಂಬಲಾರಂಭಿಸುತ್ತಾರೆ. ನಡುಯಂತ್ರ ಅವರಿಗೆ ಆಪ್‌ಲಾಕ್ ಕೊಟ್ಟಿದೆ. ಕಡತ ಬಳಕೆಯಲ್ಲಿದೆ ಎಂಬ ಗುರುತನ್ನೂ ತನ್ನ ಬಳಿ ಬರೆದಿಟ್ಟುಕೊಂಡಿದೆ. ಆದರೆ ಆ ಗುರುತು ಮೂಲದ ತನಕ ಹೋಗಿಲ್ಲ. 10 ಗಂಟೆ 20 ನಿಮಿಷಕ್ಕೆ ಗುಮಾಸ್ತರು ಜನರಲ್ ರಜಿಸ್ಟರನ್ನು ನೋಡಿ, ಒಬ್ಬ ವಿದ್ಯಾರ್ಥಿನಿಯ ಜನ್ಮದಿನಾಂಕ ತಪ್ಪಾಗಿರುವುದನ್ನು ಕಂಡು, ಕಚೇರಿಯ ಲಿನಕ್ಸ್ ಯಂತ್ರದಿಂದ ನೇರವಾಗಿ ಮೂಲದಲ್ಲಿ ತಿದ್ದಿ ಮುಚ್ಚುತ್ತಾರೆ. ಕಡತ ಬಳಕೆಯಲ್ಲಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. 10 ಗಂಟೆ 40 ನಿಮಿಷಕ್ಕೆ ಶಿಕ್ಷಕರು ಅಂಕಗಳನ್ನು ತುಂಬಿ ಪಟ್ಟಿಯನ್ನು ಉಳಿಸುತ್ತಾರೆ. ಇಡೀ ಕಡತ ಮತ್ತೆ ಬರೆಯಲ್ಪಡುತ್ತದೆ. ಗುಮಾಸ್ತರ ತಿದ್ದುಪಡಿ ಅಳಿದುಹೋಗುತ್ತದೆ.

ಶಿಕ್ಷಕರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರು. ಗುಮಾಸ್ತರೂ ಸರಿಯಾಗಿಯೇ ಮಾಡಿದರು. ಮೂರೂ ಯಂತ್ರಗಳು ತಮಗೆ ಹೇಳಿದಂತೆ ನಡೆದುಕೊಂಡವು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡಲಿಲ್ಲ. ಆ ಹುಡುಗಿಯ ಅರ್ಜಿ ಹಳೆಯ ದಿನಾಂಕದೊಂದಿಗೆ ಕೊಲ್ಹಾಪುರದ ವಿಭಾಗೀಯ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ಮುಂದೆ ಅದನ್ನು ತಿದ್ದಿಸಲು ಎಷ್ಟು ಪ್ರಮಾಣಪತ್ರ, ಎಷ್ಟು ಓಡಾಟ, ಎಷ್ಟು ದಿನದ ಕೂಲಿ ನಷ್ಟ ಎಂಬುದನ್ನು ಇಲ್ಲಿ ಕುಳಿತ ಪಾಲಕರಿಗೆ ನಾನು ವಿವರಿಸಬೇಕಾಗಿಲ್ಲ. ಕನ್ನಡ ಮಾತನಾಡುವ ತಾಯಿ ಮರಾಠಿ ಕಚೇರಿಯಿಂದ ಕಚೇರಿಗೆ ಆ ಒಂದು ಅಂಕೆಗಾಗಿ ತಿರುಗಬೇಕಾಗುತ್ತದೆ. ಗಣಕದವರು ಎರಡು ಪದಗಳಲ್ಲಿ ‘ಕಳೆದುಹೋದ ತಿದ್ದುಪಡಿ’ ಎಂದು ಹೇಳಿ ಮುಗಿಸುವ ಸಂಗತಿಯ ಇನ್ನೊಂದು ತುದಿ ಒಂದು ಮನೆಯಲ್ಲಿದೆ.

ಮೂರನೆಯ ಪರಿಣಾಮ ಬೀಗಗಳದು. ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆಯದಂತೆ ಕಡತಕ್ಕೆ ಬೀಗ ಹಾಕುವ ಪದ್ಧತಿ ಇದೆ. ಸಾಮಾನ್ಯವಾಗಿ ಸರ್ವರ್ ಕೆಟ್ಟುನಿಂತು ಮತ್ತೆ ಶುರುವಾದಾಗ ಕೆಲಕಾಲ ಹೊಸಬರಿಗೆ ಬೀಗ ಕೊಡದೆ, “ಮೊದಲು ಬೀಗ ಹಾಕಿದ್ದವರು ಬಂದು ನಿಮ್ಮದನ್ನು ಮರಳಿ ಕೇಳಿರಿ” ಎಂದು ಅವಕಾಶ ಕೊಡುತ್ತದೆ. ಮರುಹಂಚಿಕೆಯಲ್ಲಿ ನಡುಯಂತ್ರ ಮಾತ್ರ ಕೆಟ್ಟುನಿಂತು ಮತ್ತೆ ಶುರುವಾದರೆ ಈ ಅವಕಾಶ ಇಲ್ಲ. ಏಕೆಂದರೆ ಮೂಲ ಸರ್ವರ್ ನಿಂತೇ ಇಲ್ಲ. ಅದು ಹೊಸಬರಿಗೆ ಬೀಗ ಕೊಡುತ್ತಲೇ ಇದೆ. ನಡುಯಂತ್ರದ ಬೀಗ ಬಿದ್ದುಹೋದ ಆ ನಡುವಿನ ಹೊತ್ತಿನಲ್ಲಿ ಯಾರೂ ಕಡತವನ್ನು ಬದಲಿಸಲಿಲ್ಲ ಎಂದು ಯಾರೂ ಖಾತ್ರಿ ಹೇಳಲಾರರು. ಲಿನಕ್ಸಿನ ಅಧಿಕೃತ ದಸ್ತಾವೇಜಿನಲ್ಲಿಯೇ ಈ ಮಿತಿಯನ್ನು ಬಿಚ್ಚುಮನಸ್ಸಿನಿಂದ ಬರೆದಿದ್ದಾರೆ. ತಾವು ಕೊಡಲಾರದ ಭರವಸೆಯನ್ನು ಕೊಡಲಾರೆವೆಂದು ಹೇಳುವ ಆ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ.

ಈ ಮೂರು ಪರಿಣಾಮಗಳ ಹಿಂದೆ ಒಂದೇ ತತ್ತ್ವವಿದೆ: ನಡುವಿನವನು ತಾನು ಪಡೆದ ಭರವಸೆಗಿಂತ ದೊಡ್ಡ ಭರವಸೆಯನ್ನು ಮುಂದಿನವರಿಗೆ ಕೊಡಬಾರದು. ಮೂಲದಿಂದ ಅವನಿಗೆ ಬಂದಿರುವುದು “ಕೇಳಿದರೆ ಹೇಳುತ್ತೇನೆ” ಎಂಬಷ್ಟೇ ಮಾತಾದರೆ, ಅವನು ಮುಂದಿನವರಿಗೆ “ನೀವು ಕೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ” ಎನ್ನುವಂತಿಲ್ಲ. ಉಳಿದ ಉಪಾಯಗಳೆಲ್ಲ ಈ ತತ್ತ್ವದಿಂದಲೇ ಹೊರಡುತ್ತವೆ.

ಉಪಾಯಗಳಲ್ಲಿ ಎಲ್ಲಕ್ಕಿಂತ ಮೇಲಾದುದು, ಸಾಧ್ಯವಿದ್ದಲ್ಲಿ ನಡುಯಂತ್ರವನ್ನು ಬಿಟ್ಟು ಎಲ್ಲರೂ ಮೂಲವನ್ನೇ ಸೇರುವುದು. ಮೂಲ ಸರ್ವರಿನಲ್ಲಿಯೇ ಸಾಂಬಾವನ್ನು ನಡೆಸಿದರೆ ಅದು ನಡುವಿನವನಾಗುವುದೇ ಇಲ್ಲ. ಆಗಲೂ ಅದೇ ಸರ್ವರನ್ನು ಎನ್.ಎಫ್.ಎಸ್. ಮೂಲಕ ಬಳಸುವವರು ಇದ್ದರೆ ಎರಡು ಪದ್ಧತಿಗಳ ಬೀಗಗಳು ಪರಸ್ಪರ ಕಾಣುವಂತೆ ನೋಡಿಕೊಳ್ಳಬೇಕು. ಎರಡನೆಯದು, ನಡುಯಂತ್ರ ಬೇಕೇಬೇಕೆಂದಾದರೆ ಬರೆಯುವವರೆಲ್ಲ ಅದೊಂದೇ ಬಾಗಿಲಿನಿಂದ ಬರುವಂತೆ ಕಟ್ಟುಮಾಡುವುದು. ಕೆಲವರು ಮುಂಬಾಗಿಲಿನಿಂದ, ಕೆಲವರು ಹಿತ್ತಿಲಿನಿಂದ ಬಂದರೆ ಕಾವಲುಗಾರನ ಲೆಕ್ಕ ತಪ್ಪುತ್ತದೆ. ಮೂರನೆಯದು, ಅದೂ ಆಗದಿದ್ದರೆ, ಆ ಹಂಚಿಕೆಯ ಮಟ್ಟಿಗೆ ಆಪ್‌ಲಾಕ್ ಬೇಡವೆಂದು ಸಾಂಬಾದ ಸಂಯೋಜನೆಯಲ್ಲಿ ಬರೆಯುವುದು, ಎನ್.ಎಫ್.ಎಸ್.ನ ನಂಬಿಕೆಯ ಅವಧಿಯನ್ನು ಕಡಿಮೆ ಮಾಡುವುದು. ಇದರಿಂದ ಕೆಲಸ ನಿಧಾನವಾಗುತ್ತದೆ. ಆಪ್‌ಲಾಕ್ ತೆಗೆದರೂ ಇಬ್ಬರು ಏಕಕಾಲಕ್ಕೆ ತಿದ್ದುವ ಅಪಾಯ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಯಾರು, ಯಾವಾಗ, ಯಾವ ಕಡತವನ್ನು ತಿದ್ದಬೇಕೆಂಬ ಮನುಷ್ಯರ ಕಟ್ಟಳೆಯೇ ಬೇಕು.

ಎಲ್ಲ ಕಡತಗಳಿಗೂ ಒಂದೇ ಬಿಗಿ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಅವುಗಳ ಗಣಕಪ್ರತಿಗಳು ಜಾಲತಾಣದಲ್ಲಿ ದೊರೆಯುತ್ತವೆ. ಒಮ್ಮೆ ಇಳಿಸಿಕೊಂಡ ಪಠ್ಯಪುಸ್ತಕ ನಿಮಿಷ ನಿಮಿಷಕ್ಕೆ ಬದಲಾಗುವುದಿಲ್ಲ. ಅದನ್ನು ನಡುಯಂತ್ರದಲ್ಲಿ ದಿನಗಟ್ಟಲೆ ಇಟ್ಟು ಮಕ್ಕಳಿಗೆ ಬೇಗ ತೋರಿಸುವುದೇ ಜಾಣತನ. ಅಂಕಪಟ್ಟಿ, ಹೆಸರು, ಜನ್ಮದಿನಾಂಕಗಳ ಕಡತ ಹಾಗಲ್ಲ. ಓದುವ ಕಡತಗಳನ್ನೂ ತಿದ್ದುವ ಕಡತಗಳನ್ನೂ ಬೇರೆ ಬೇರೆ ಕೋಶಗಳಲ್ಲಿಟ್ಟು, ಮೊದಲನೆಯದಕ್ಕೆ ವೇಗವನ್ನೂ ಎರಡನೆಯದಕ್ಕೆ ಎಚ್ಚರವನ್ನೂ ಕೊಡಬೇಕು. ಯಾವ ಕಡತ ಯಾವ ಜಾತಿಯದೆಂದು ನಿರ್ಧರಿಸುವುದು ತಂತ್ರಜ್ಞನ ಕೆಲಸವಲ್ಲ. ಆ ಕಡತದ ಬೆಲೆ ಬಲ್ಲ ಶಿಕ್ಷಕರ ಕೆಲಸ.

ಇನ್ನೊಂದು ಉಪಾಯವನ್ನು ಸರ್ಕಾರದ ಕಾಗದಪತ್ರಗಳಿಂದಲೇ ಕಲಿಯಬಹುದು. ಮಹಾರಾಷ್ಟ್ರ ಸರ್ಕಾರದ ಪ್ರತಿಯೊಂದು ಶಾಸನ ನಿರ್ಣಯಕ್ಕೂ ಕ್ರಮಾಂಕ, ದಿನಾಂಕ, ಗಣಕ ಸಂಕೇತಾಂಕ ಇರುತ್ತವೆ. ಯಾರ ಕೈಯಲ್ಲಿರುವ ಪ್ರತಿಯಾದರೂ ಯಾವ ನಿರ್ಣಯದ್ದೆಂದು ಅದರಿಂದ ತಿಳಿಯುತ್ತದೆ. ಎನ್.ಎಫ್.ಎಸ್.ನ ನಾಲ್ಕನೆಯ ಆವೃತ್ತಿಯಲ್ಲಿಯೂ ಪ್ರತಿ ಕಡತಕ್ಕೆ ಇಂಥದೊಂದು ಬದಲಾವಣೆಯ ಸಂಖ್ಯೆ ಇದೆ. ಕಡತ ಬದಲಾದಾಗಲೆಲ್ಲ ಅದೂ ಬದಲಾಗುತ್ತದೆ. ಎರಡು ಪ್ರತಿಗಳ ಒಳಗನ್ನೆಲ್ಲ ಹೋಲಿಸದೆ, ಸಂಖ್ಯೆಯನ್ನಷ್ಟೇ ನೋಡಿ ಹಳತು ಹೊಸತನ್ನು ಹೇಳಬಹುದು. ಹಳತಾದ ಪ್ರತಿಯಲ್ಲಿ ಒಳಗಿನಿಂದ ದೋಷ ಕಾಣುವುದಿಲ್ಲ ಎಂದೆನಲ್ಲ, ಅದಕ್ಕೆ ಹೊರಗಿನಿಂದ ಅಂಟಿಸಿದ ಈ ಗುರುತೇ ಮದ್ದು.

ಬಂಧುಗಳೇ, ಮಹಾರಾಷ್ಟ್ರದಲ್ಲಿರುವ ಕನ್ನಡ ಶಾಲೆ ತಾನೇ ಒಂದು ಮರುಹಂಚಿಕೆಯ ಕೇಂದ್ರ ಎಂಬುದನ್ನು ತಾವು ಈಗಾಗಲೇ ಊಹಿಸಿರಬಹುದು. ಪರಿಪತ್ರಗಳು ನಮಗೆ ಮರಾಠಿಯಲ್ಲಿ ಬರುತ್ತವೆ. ನಾವು ಅವನ್ನು ಕನ್ನಡದಲ್ಲಿ ಪಾಲಕರಿಗೆ ತಿಳಿಸುತ್ತೇವೆ. ಪರೀಕ್ಷೆಯ ವೇಳಾಪಟ್ಟಿ, ವಿದ್ಯಾರ್ಥಿವೇತನದ ಕೊನೆಯ ದಿನ, ಪ್ರವೇಶದ ನಿಯಮ, ಎಲ್ಲವೂ ನಮ್ಮ ಫಲಕದ ಮೂಲಕವೇ ಅನೇಕ ಮನೆಗಳಿಗೆ ತಲುಪುತ್ತವೆ. ಆ ಪಾಲಕರಿಗೆ ನಾವು ನಡುವಿನವರಲ್ಲ, ನಾವೇ ಮೂಲ. ಪುಣೆಯಲ್ಲಿ ವೇಳಾಪಟ್ಟಿ ಬದಲಾಗಿ ನಮ್ಮ ಫಲಕ ಬದಲಾಗದಿದ್ದರೆ, ಒಂದು ಮಗು ಪರೀಕ್ಷೆಯ ಬಾಗಿಲಿಗೆ ತಪ್ಪು ದಿನ ಬಂದು ನಿಲ್ಲುತ್ತದೆ. ಅನುವಾದದಲ್ಲಿ ಒಂದಕ್ಷರವೂ ತಪ್ಪದಿದ್ದರೂ ಅನ್ಯಾಯ ನಡೆದುಹೋಗುತ್ತದೆ.

ಆದ್ದರಿಂದ ಗುರುಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಫಲಕದ ಮೇಲಿನ ಪ್ರತಿಯೊಂದು ಸೂಚನೆಯ ಕೆಳಗೆ ಅದು ಯಾವ ಪರಿಪತ್ರದಿಂದ ಬಂತು, ಅದರ ದಿನಾಂಕವೇನು, ನಾವು ಕೊನೆಯ ಸಲ ವಿಚಾರಿಸಿದ್ದು ಯಾವಾಗ ಎಂದು ಬರೆಯೋಣ. ಯಾವ ಯಾವ ಮನೆಗೆ ಸೂಚನೆ ಹೋಗಿದೆಯೆಂಬ ಪಟ್ಟಿ ಇಟ್ಟುಕೊಳ್ಳೋಣ, ಬದಲಾದಾಗ ಅದೇ ಪಟ್ಟಿ ಹಿಡಿದು ತಿಳಿಸೋಣ. ಖಚಿತವಿಲ್ಲದುದನ್ನು “ವಿಚಾರಿಸಿ ಹೇಳುತ್ತೇವೆ” ಎನ್ನಲು ಸಂಕೋಚಪಡದಿರೋಣ. ಮಕ್ಕಳ ಹೆಸರು, ಜನ್ಮದಿನಾಂಕಗಳನ್ನು ಗಣಕದ ಪಟ್ಟಿಯಿಂದ ಗಣಕದ ಪಟ್ಟಿಗೆ ನಕಲು ಮಾಡದೆ, ಪ್ರತಿ ವರ್ಷವೂ ಅರ್ಜಿ ಕಳಿಸುವ ಮುನ್ನ ಜನರಲ್ ರಜಿಸ್ಟರಿಗೆ ಹೋಲಿಸೋಣ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಇಂಥ ಯಂತ್ರಗಳನ್ನು ಕಟ್ಟುವವರಾಗುತ್ತೀರಿ. ಆಗ ವೇಗವನ್ನು ಅಳೆಯುವ ಮಾಪನಗಳು ನಿಮ್ಮ ಮುಂದೆ ಬಹಳ ಇರುತ್ತವೆ. ಹಳತಾದ ಪ್ರತಿಯಿಂದ ಅಲೆದವರನ್ನು ಅಳೆಯುವ ಮಾಪನ ಯಾವ ಪರದೆಯ ಮೇಲೂ ಇರುವುದಿಲ್ಲ. ಅದನ್ನು ನೀವೇ ನೆನಪಿಡಬೇಕು. ಪ್ರತಿ ಇಟ್ಟುಕೊಳ್ಳಿರಿ, ಹಂಚಿರಿ. ಹಂಚದೆ ಇದ್ದರೆ ವಿದ್ಯೆ ಬೆಳೆಯುವುದಿಲ್ಲ. ಆದರೆ ಮೂಲಕ್ಕೆ ಹೋಗುವ ದಾರಿಯನ್ನು ಎಂದೂ ಮುಚ್ಚಬೇಡಿರಿ, ನೀವು ಪಾಲಿಸಲಾರದ ವಚನವನ್ನು ಮೂಲದ ಹೆಸರಿನಲ್ಲಿ ಕೊಡಬೇಡಿರಿ.